ಬರೀ ಹೊಯ್ಗೆ

ಹವಳ ಹುಡುಕಿಕೊಂಡು ಬಂದ ವಿಜ್ಞಾನಿಯನ್ನು ಜಟ್ಟಿ ಮೊಗೇರ ದೋಣಿ ಹತ್ತಿಸಿಕೊಂಡಾಗಲೇ ನಂಬಿರಲಿಲ್ಲ. ಹವಳ ಕಂಡಲ್ಲೆಲ್ಲ ಇಂಥವರು ಮೀನುಗಾರರಿಗೆ ಬಲೆ ಬೀಸಲು ಬಿಡುವುದಿಲ್ಲವೆಂದು ಅವನು ಕೇಳಿದ್ದ. ಅದಕ್ಕೇ ಎರಡು ದಿನ ಅವಳನ್ನು ಬೇಕೆಂದೇ ಬರೀ ಮರಳಿದ್ದ ಕಡೆ ಸುತ್ತಾಡಿಸಿದ.

“ಆ ನಡುಗಡ್ಡೆಯ ಆಚೆ?” ಎಂದು ಅವಳು ಬೆರಳು ತೋರಿಸಿದಳು.

ಅಜ್ಜನ ಕಾಲದಿಂದ ಜಟ್ಟಿಯ ಮನೆಗೆ ಮೀನು ಕೊಟ್ಟ ಹವಳದ ದಿಬ್ಬ ಇದ್ದದ್ದು ಅಲ್ಲೇ.

“ಅಲ್ಲೂ ಬರೀ ಹೊಯ್ಗೆ. ಸೆಳವು ಬೇರೆ ಜೋರು. ಇಳಿದ್ರೆ ಮೇಲೆ ಬರೂಕಾಗುದಿಲ್ಲ.”

“ಖಂಡಿತಾನಾ?”

“ಹುಟ್ಟಿದಾಗಿಂದ ಇದೇ ನೀರು ಕಂಡವ ನಾನು. ಎಂತದೂ ಇಲ್ಲ.”

ಅವಳು ಅದನ್ನೇ ಬರೆದುಕೊಂಡು, ಅವನ ಸಹಿ ಹಾಕಿಸಿಕೊಂಡು, ಮುಖ ಸಪ್ಪಗೆ ಮಾಡಿಕೊಂಡು ಹೋದಳು. ಪೀಡೆ ತೊಲಗಿತು ಎಂದುಕೊಂಡ ಜಟ್ಟಿ.

ತಿಂಗಳು ಕಳೆದು ಅವನು ಬಲೆ ಬೀಸಲು ಹೋದಾಗ, ದಿಬ್ಬದ ಮೇಲೆಯೇ ದೊಡ್ಡ ಹಡಗೊಂದು ನಿಂತು ಕೆಸರು ಸುರಿಯುತ್ತಿತ್ತು.

“ಇಲ್ಲಿ ಹಾಕ್ಲಿಕ್ಕೆ ಯಾರು ಹೇಳಿದ್ರು ನಿಮಗೆ?” ಎಂದು ಜಟ್ಟಿ ಕೂಗಿದ.

ಹಡಗಿನವನು ಕೆಳಗೆ ಬಗ್ಗಿದ. “ಬಂದರಿನಲ್ಲಿ ಅಗೆದ ಕೆಸರು ಕಣಪ್ಪ. ಇಲ್ಲಿ ಹವಳ ಇರಬಹುದು ಅಂತ ಒಬ್ಬ ಮೇಡಂ ವರ್ಷದಿಂದ ತಡೆದಿದ್ರು. ಕೊನೆಗೆ ನಿಮ್ಮೂರಿನ ಜಟ್ಟಿ ಅನ್ನೋರು ಏನೂ ಇಲ್ಲ ಅಂತ ಸಹಿ ಹಾಕಿ ಕೊಟ್ರಂತೆ.”