ಅಪಘಾತವಿಲ್ಲದ ವರ್ಷ

ಚೆನ್ನಾಜಮ್ಮನನ್ನು ಆಸ್ಪತ್ರೆಯಿಂದ ಕಂಪನಿಯ ಕಾರಿನಲ್ಲೇ ಕರೆತಂದರು. ಫ್ಯಾಕ್ಟರಿಯ ಗೇಟಿನಲ್ಲಿ ಸೂಪರ್‌ವೈಸರ್ ಕಾಯುತ್ತಿದ್ದ. ಅವನ ಹಿಂದೆ ‘ಈ ವರ್ಷ ಒಂದೂ ಅಪಘಾತವಿಲ್ಲ’ ಎಂಬ ಬೋರ್ಡಿಗೆ ಚೆಂಡುಹೂವಿನ ಹಾರ ಹಾಕಿದ್ದರು.

“ನೋಡಮ್ಮ, ಸಂಜೆ ಸುರಕ್ಷತಾ ಪ್ರಶಸ್ತಿ ಕೊಡೋಕೆ ದೊಡ್ಡೋರು ಬರ್ತಾರೆ. ನೀನು ಇವತ್ತು ರಜೆ ಹಾಕಿದ್ರೆ ನಿನ್ನೆ ಆಗಿದ್ದು ಅಪಘಾತ ಅಂತ ಲೆಕ್ಕಕ್ಕೆ ಬರುತ್ತೆ. ಹಾಜರಿ ಹಾಕಿ ಒಳಗೆ ಫ್ಯಾನ್ ಕೆಳಗೆ ಕೂತ್ಕೋ, ಸಾಕು.”

“ಕೈ ತುಂಬಾ ಸಿಡೀತಿದೆ ಸಾರ್.”

“ಕೆಲಸ ಮಾಡು ಅಂದ್ನಾ? ಬೆರಳಿಡು ಅಂದೆ ಅಷ್ಟೆ.”

ಬ್ಯಾಂಡೇಜು ಸುತ್ತಿದ ಬಲಗೈಯನ್ನು ಸೆರಗಿನೊಳಗೇ ಇಟ್ಟುಕೊಂಡು, ಅವಳು ಎಡಗೈಯ ಬೆರಳನ್ನು ಹಾಜರಿ ಯಂತ್ರದ ಮೇಲಿಟ್ಟಳು. ಕೆಂಪು ದೀಪ ಹತ್ತಿತು. ಇನ್ನೊಂದು ಬೆರಳಿಟ್ಟಳು. ಮತ್ತೆ ಕೆಂಪು.

ಸೂಪರ್‌ವೈಸರ್‌ಗೆ ರೇಗಿತು. “ಸಿಕ್ಕಸಿಕ್ಕ ಬೆರಳಿಟ್ರೆ ಅದು ತಗೊಳ್ಳುತ್ತೇನಮ್ಮ? ಕೆಲಸಕ್ಕೆ ಸೇರಿದ ದಿನ ಯಾವ ಬೆರಳು ಕೊಟ್ಟಿದ್ಯೋ ಅದನ್ನೇ ಇಡು!”

ಅವಳು ಸೆರಗು ಸರಿಸಿ ಬಲಗೈಯನ್ನು ಅವನ ಮುಂದೆ ಹಿಡಿದಳು.

“ಅದನ್ನೇ ಸಾರ್, ನಿನ್ನೆ ನಿಮ್ಮ ಮಷೀನು ತಗೊಂಡಿದ್ದು.”