ಅಕ್ಕೋರಿಗೆ ಬರೆದ ಪತ್ರ

ಗದಗಿನ ಬಸ್ ನಿಲ್ದಾಣದಲ್ಲಿ ಫಕೀರವ್ವ ದುರ್ಬೀನಿನ ಗಾಜನ್ನು ಹಳೇ ಸೀರೆಯ ಚೂರಿನಿಂದ ಒರೆಸುತ್ತಿದ್ದಳು. ಹೊತ್ತು ಮುಳುಗುತ್ತಿತ್ತು. ನೆತ್ತಿಯ ಮೇಲಿನ ಅರ್ಧಚಂದ್ರನ ಕತ್ತಲ ಭಾಗದಲ್ಲಿ ಅಲ್ಲಿನ ಊರುಗಳ ದೀಪಗಳು ಕಾಣತೊಡಗಿದ್ದವು. ಬಸ್ಸಿಗೆ ಕಾಯುವವರು ಚಪ್ಪಲಿ ಬಿಟ್ಟು ಬಂದು, ತಮ್ಮವರ ದೀಪ ನೋಡಿ ಹೋಗುತ್ತಿದ್ದರು. ನೆಂಟರ ಮನೆಯೊಳಗೆ ಇಣುಕುವಾಗ ಚಪ್ಪಲಿ ಯಾರು ಮೆಟ್ಟಿಕೊಂಡಾರು?

ಕಂಡಕ್ಟರ್ ಮಲ್ಲವ್ವ ದುರ್ಬೀನಿನಿಂದ ಕಣ್ಣು ತೆಗೆದು, "ಯವ್ವಾ, ನಿಮ್ಮ ರೆಹಾನಾ ಅಕ್ಕೋರ ಸಾಲಿ ನಾಳೆ ಚಂದ್ರನ ಹಿಂಬದಿಗೆ ಹೊಂಟೈತಂತ. ಅಲ್ಲಿಗೆ ಟಪಾಲು ಹೋಗಂಗಿಲ್ಲ. ನಿನ್ನ ಪತ್ರ ಹಾಕೀಯೋ ಇಲ್ಲೋ?" ಎಂದಳು.

ಅರವತ್ತು ದಾಟಿದ ಫಕೀರವ್ವನಿಗೆ ರಾತ್ರಿ ಶಾಲೆಯಲ್ಲಿ ಕೈ ಹಿಡಿದು ಅಕ್ಷರ ಬರೆಸಿದವರು ರೆಹಾನಾ ಅಕ್ಕೋರು. ಈಗ ಚಂದ್ರನ ಮೇಲಿನ ಶಾಲೆಯಲ್ಲಿದ್ದ ಅವರಿಗೆ ಬರೆದ ಪತ್ರ ಎರಡು ವರ್ಷದಿಂದ ಅವಳ ಚೀಲದಲ್ಲೇ ಇತ್ತು.

"ಇನ್ನೂ ತಿದ್ದಿಸಿಲ್ಲವ್ವ. ತಿದ್ದಿಸದ ಹ್ಯಾಂಗ ಕಳಸೂದು?"

"ಯಾರ ಕಡೆ ತಿದ್ದಿಸಾಕಿ?"

"ಮತ್ತ್ಯಾರು, ಅಕ್ಕೋರ ಕಡೇನ..." ಎಂದವಳಿಗೆ ಮಾತು ಮುಗಿಯುವ ಮೊದಲೇ ನಗು ಬಂತು.

ಮಲ್ಲವ್ವ ಹಣೆ ಬಡಿದುಕೊಂಡಳು. "ಛಲೋ ಶಾಣ್ಯಾಕಿ ಅದಿ ಬಿಡು! ಟಪಾಲಿನ ಗಾಡಿ ಹೊಂಟೈತಿ, ನಡಿ!"

ಫಕೀರವ್ವ ಪತ್ರ ತೆಗೆದು ಒಮ್ಮೆ ಓದಿಕೊಂಡಳು. "ಅಕ್ಕೋರ, ಈಗ ಬಸ್ಸಿನ ಬೋರ್ಡು ನಾನ ಓದತೀನಿ. ಯಾರನ್ನೂ ಕೇಳಂಗಿಲ್ಲ. ನಿಮ್ಮ ಉಪಕಾರ." ಅದರ ಕೆಳಗೆ ಪೆನ್ಸಿಲ್ಲಿನಿಂದ, "ತಪ್ಪಿದ್ದರ ನೀವ ತಿದ್ರಿ" ಎಂದು ಸೇರಿಸಿದಳು. ನಡೆಯುತ್ತಲೇ ಮಡಚಿ, ಗಾಡಿಯವನು ಬಾಗಿಲು ಎಳೆಯುವಷ್ಟರಲ್ಲಿ ಪತ್ರವನ್ನು ಎರಡೂ ಕೈಯಿಂದ ಅವನಿಗೆ ಕೊಟ್ಟಳು.