ಅಂಟು ಒಣಗುವವರೆಗೆ

ಭಾನುವಾರ ಬೆಳಿಗ್ಗೆ ಬಸ್ ಡ್ರೈವರ್ ಉದ್ದನೆಯ ಚೀಲವನ್ನು ಹೆಗಲಿಗೇರಿಸಿಕೊಂಡು ಮುಂದಿನ ಕೋಣೆಗೆ ಬಂದಾಗ ಹೆಂಡತಿ ಎಂದಿನಂತೆ ತಲೆ ಎತ್ತದೆಯೇ ಕೈ ಚಾಚಿದಳು.

“ಇವತ್ತು ಬೇಡ ಬಿಡು,” ಎಂದ ಅವನು, ಹೊಸ ಅಳಿಯನ ಗತ್ತಿನಲ್ಲಿ.

ಆ ಕೋಣೆ ಅವಳ ಕಾರ್ಖಾನೆ. ಕೋಲಿನಿಂದ ಮೇಜಿನ ಮೇಲಿನ ಚೆಂಡು ಹೊಡೆಯುವ ಊರಿನ ಪೂಲ್ ಆಟಗಾರರೆಲ್ಲ ಮುರಿದ, ಸೊಟ್ಟಗಾದ ಕೋಲುಗಳನ್ನು ಅವಳ ಹತ್ತಿರವೇ ತರುತ್ತಿದ್ದರು. ಅವರೆಲ್ಲ ಮೊದಲ ಏಟಿಗೆ ಚೆಂಡುಗಳ ಗುಂಪು ಒಡೆಯಲು ಒಂದು ಕೋಲು, ಆಡಲು ಒಂದು, ಅಡ್ಡ ನಿಂತ ಚೆಂಡಿನ ಮೇಲಿಂದ ಬಿಳಿ ಚೆಂಡು ಹಾರಿಸಲು ಮತ್ತೊಂದು ಇಟ್ಟುಕೊಂಡಿದ್ದರೆ, ಅವಳ ಗಂಡನದು ಮಾತ್ರ ಮೂರಕ್ಕೂ ಒಂದೇ. ಮದುವೆಯಾದ ವರ್ಷ ಅವಳೇ ಕಡೆದುಕೊಟ್ಟದ್ದು. ಅವನ ಒಡೆತದ ಭರಾಟೆಗೆ ತುದಿಯ ಚರ್ಮದ ಬಿಲ್ಲೆ ವಾರದೊಳಗೆ ಚಪ್ಪಟೆಯಾಗುತ್ತಿತ್ತು. ಭಾನುವಾರ ಬಂತೆಂದರೆ ಹಳೆಯದನ್ನು ಕಿತ್ತು ಹೊಸದನ್ನು ಅಂಟಿಸುವುದು ಅವಳ ಪಾಲಿನ ಕೆಲಸ.

ಅವನು ಚೀಲದಿಂದ ಎರಡು ಹೊಸ ಕೋಲು ತೆಗೆದ. ಒಡೆಯಲು ದಪ್ಪನೆಯದು, ಹಾರಿಸಲು ಗಿಡ್ಡನೆಯದು. ಹೋದ ವಾರ ಅವಳು ಬಿಲ್ಲೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡುವುದನ್ನು ಕಂಡು, ಈ ಕೆಲಸಕ್ಕೆ ಅವಳ ಕಣ್ಣು ಸೋಲುತ್ತಿದೆ ಎಂದುಕೊಂಡಿದ್ದ. “ಇನ್ಮೇಲೆ ನಿನಗೆ ಈ ಕಾಟ ಇಲ್ಲ,” ಎಂದ.

ಅವಳು ಎರಡನ್ನೂ ಬೆಳಕಿಗೆ ಹಿಡಿದು, ಸೊಟ್ಟಗಿವೆಯೇ ಎಂದು ನೋಡಿ, ಹಿಂದಕ್ಕೆ ಕೊಟ್ಟಳು. ಒಳ್ಳೆಯ ಮರ ಎಂದಳು. ಆಮೇಲೆ ಅವನಿಗಾಗಿ ಎಳೆದಿಟ್ಟಿದ್ದ ಎರಡನೆಯ ಸ್ಟೂಲನ್ನು ಕಾಲಿನಿಂದ ಮೆಲ್ಲಗೆ ಬೆಂಚಿನ ಕೆಳಗೆ ತಳ್ಳಿದಳು.

ಆ ಸ್ಟೂಲ್ ಮೇಲೆ ಕೂತು, ಕೋಲನ್ನು ಮೊಣಕಾಲುಗಳ ನಡುವೆ ನೆಟ್ಟಗೆ ಹಿಡಿದುಕೊಳ್ಳುವುದು ಅವನ ಕೆಲಸವಾಗಿತ್ತು. ಅವಳು ಮೇಲಿನಿಂದ ಹೆಬ್ಬೆರಳಲ್ಲಿ ಬಿಲ್ಲೆಯನ್ನು ಒತ್ತಿ ಹಿಡಿಯುತ್ತಿದ್ದಳು. ಅಂಟು ಒಣಗುವವರೆಗೆ ಇಬ್ಬರೂ ಕದಲುವಂತಿರಲಿಲ್ಲ. ಆಗ ಅವಳು ಕನಸು ಹೇಳುತ್ತಿದ್ದಳು. ಕೆಲವು ವಾರಗಳಿಂದ ಒಂದೇ ಕನಸು, ಬಿಟ್ಟಲ್ಲಿಂದ ಮುಂದುವರಿಯುತ್ತಿತ್ತು. ಅದರಲ್ಲೊಂದು ಮನೆ, ನೆಲದ ಹಲಗೆಗಳ ಕೆಳಗೆ ಹೊಳೆ ಹರಿಯುವ ಮನೆ. ನಡೆದರೆ ಹೆಜ್ಜೆಯ ಸದ್ದಿನ ಬದಲು ನೀರಿನ ಸದ್ದು. ಹೋದ ವಾರ ಅವಳು ಮೆಟ್ಟಿಲವರೆಗೆ ಬಂದಿದ್ದಳು, ಮಹಡಿಯಲ್ಲಿ ದೀಪ ಉರಿಯುತ್ತಿತ್ತು, ಅಷ್ಟರಲ್ಲಿ ಅಂಟು ಒಣಗಿಬಿಟ್ಟಿತ್ತು.

“ಮಹಡಿ ಮೇಲೆ ಯಾರಿದ್ರು?” ಬಾಗಿಲಲ್ಲಿ ನಿಂತು ಅವನು ಕೇಳಿದ.

“ಯಾವ ಮಹಡಿ?” ಎಂದು ಅವಳು ಮರ ಕಡೆಯುವ ಲೇತ್ ಚಾಲೂ ಮಾಡಿದಳು.

ಮಧ್ಯಾಹ್ನ ಪೂಲ್ ಹಾಲಿನ ಪರದೆಯ ಸಂದಿಯಿಂದ ಬಿಸಿಲು ಹಸಿರು ಮೇಜಿನ ಮೇಲೆ ಪಟ್ಟೆಪಟ್ಟೆಯಾಗಿ ಬಿದ್ದಿತ್ತು. ಎದುರಾಳಿ, ಎಲ್ಲರೂ ಕತ್ತರಿ ಎಂದು ಕರೆಯುವ ಕ್ಷೌರಿಕ, ಮೂರು ಕೋಲು ನೋಡಿ ಯುದ್ಧಕ್ಕೆ ಹೊರಟೆಯಾ ಎಂದು ಛೇಡಿಸಿದ. ಹೊಸ ಕೋಲುಗಳು ಹೇಳಿದ ಹಾಗೆ ಕೇಳಿದವು, ಚೆಂಡುಗಳು ಚದುರಿದವು, ಹಾರಿದವು. ಡ್ರೈವರ್ ಗೆದ್ದ. ಗೆದ್ದರೂ ಬಾಯಿಗೆ ಉಪ್ಪಿಲ್ಲದ ಊಟ ಹಾಕಿದಂತಿತ್ತು.

ಕತ್ತರಿ ತನ್ನ ಕೋಲಿನ ತುದಿ ನೋಡಿಕೊಂಡು, “ಬಿಲ್ಲೆ ಹೋಗಿದೆ. ಚಹಾ ಹೇಳಿರು, ಅತ್ತಿಗೆ ಹತ್ರ ಹಾಕಿಸ್ಕೊಂಡು ಬಂದ್ಬಿಡ್ತೀನಿ,” ಎಂದ.

“ಅರ್ಧ ಗಂಟೆಯಾದ್ರೂ ಹಿಡಿಯುತ್ತಲ್ಲಯ್ಯಾ, ಅಂಟು ಒಣಗೋಕೆ.”

ಕತ್ತರಿ ನಕ್ಕ. “ಯಾವ ಕಾಲದಲ್ಲಿದ್ದೀಯ? ಸಣ್ಣ ಬಾಟಲಿಯಿಂದ ಒಂದು ಹನಿ ಹಾಕ್ತಾರೆ, ಒತ್ತುತ್ತಾರೆ, ಮುಗೀತು. ನಮಗೆಲ್ಲ ನಿಂತ ಕಾಲಲ್ಲೇ ಕೊಡ್ತಾರೆ.”

ವಾರವಿಡೀ ಬಸ್ಸಿನಲ್ಲಿರುವ ಡ್ರೈವರ್, ಹೆಂಡತಿ ಬೇರೆಯವರ ಕೋಲಿಗೆ ಬಿಲ್ಲೆ ಹಾಕುವುದನ್ನು ಒಮ್ಮೆಯೂ ಕಂಡಿರಲಿಲ್ಲ. ತನ್ನ ಕೋಲಿಗೆ ಮಾತ್ರ ಅವಳು ಕಪಾಟಿನಿಂದ ನಿಧಾನವಾಗಿ ಒಣಗುವ ಅಂಟಿನ ದೊಡ್ಡ ಬಾಟಲಿಯನ್ನೇ ಇಳಿಸುತ್ತಿದ್ದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದವನು ತಾನೇ ಎಂದು ತಿಳಿದಾಗ ಅವನಿಗೆ ನಾಚಿಕೆಯಾಯಿತು. ಅದರ ಹಿಂದೆಯೇ, ಯಾಕೋ, ತುಂಬಾ ಸಂತೋಷವೂ ಆಯಿತು.

ಹೊಸ ಕೋಲುಗಳನ್ನು ಮೂಲೆಗೆ ಒರಗಿಸಿ ಹಳೆಯದನ್ನು ಎತ್ತಿಕೊಂಡ. ಕತ್ತರಿ ಬಿಲ್ಲೆ ಹಾಕಿಸಿಕೊಂಡು ಬಂದ ಮೇಲಿನ ಎಲ್ಲ ಆಟದಲ್ಲೂ ಒಡೆಯುವ ಸರದಿ ತನಗೇ ಕೊಡು ಎಂದು ಗೋಗರೆದ. ಅದರಲ್ಲೇ ಒಡೆದ, ಅದರಲ್ಲೇ ಆಡಿದ, ಹಾರಿಸುವ ಅಗತ್ಯವಿಲ್ಲದ ಕಡೆಯಲ್ಲೂ ಹಾರಿಸಿದ. ಕೊನೆಗೆ ಬಿಳಿ ಚೆಂಡು ಮೇಜು ಬಿಟ್ಟೆದ್ದು, ಬಿಸಿಲಿನ ಪಟ್ಟೆಯೊಂದರಲ್ಲಿ ಇಳಿಯುವುದನ್ನೇ ಮರೆತಂತೆ ತೇಲಿ, ಆಚೆಯ ಗೋಡೆಗೆ ಬಡಿದು ಉರುಳಿತು. ಡ್ರೈವರ್ ಸೋತ. ಸೋತು ಇಷ್ಟು ಖುಷಿಪಡುವವನನ್ನು ಕತ್ತರಿ ಜನ್ಮದಲ್ಲಿ ಕಂಡಿರಲಿಲ್ಲ.

ಸಂಜೆ ಅವಳು ಕೋಣೆಯಲ್ಲಿ ಮರದ ಹೊಟ್ಟು ಗುಡಿಸುತ್ತಿದ್ದಳು. ಅವನು ಹಳೆಯ ಕೋಲನ್ನು ಮುಂದೆ ಹಿಡಿದ. ಹೊಸವು ಎಲ್ಲಿ ಎಂದು ಅವಳು ಕೇಳಿದಳು. ಕತ್ತರಿಗೆ ಕೊಟ್ಟೆ ಎಂದ. ಅವಳು ತುದಿಯ ಮೇಲೆ ಹೆಬ್ಬೆರಳಾಡಿಸಿದಳು. ಬಿಲ್ಲೆ ಅಂಚು ಮೀರಿ ಹರಡಿ ನಾಯಿಕೊಡೆಯಂತಾಗಿತ್ತು.

“ಬೇಕಂತಲೇ ಹಾಳು ಮಾಡಿದೀರಿ,” ಎಂದಳು.

ಅವಳು ಹಳೆಯ ಬಿಲ್ಲೆ ಕಿತ್ತು, ತುದಿ ಉಜ್ಜಿ, ಕಪಾಟಿನ ಸಣ್ಣ ಬಾಟಲಿಗೆ ಕೈ ಹಾಕಿದಳು. ಅವನು ಅವಳ ಭುಜದ ಮೇಲಿಂದ ಕೈ ಚಾಚಿ ದೊಡ್ಡ ಬಾಟಲಿಯನ್ನು ಇಳಿಸಿ ಅವಳ ಮುಂದಿಟ್ಟ. ಬೆಂಚಿನ ಕೆಳಗಿನಿಂದ ಸ್ಟೂಲ್ ಎಳೆದುಕೊಂಡು ಕೂತು, ಕೋಲನ್ನು ಮೊಣಕಾಲುಗಳ ನಡುವೆ ನೆಟ್ಟಗೆ ಹಿಡಿದ. ಅವಳು ಅಂಟು ಸವರಿ, ಹೊಸ ಬಿಲ್ಲೆಯಿಟ್ಟು ಒತ್ತಿದಳು. ಅಂಟು ಒಣಗಲು ಇನ್ನೂ ಹೊತ್ತಿತ್ತು.

“ಮಹಡಿ ಮೇಲೆ ನಾನೇ ಕೂತಿದ್ದೆ ಕಣ್ರೀ,” ಎಂದಳು ಕೊನೆಗೆ. “ಪಕ್ಕದಲ್ಲಿ ಇನ್ನೊಂದು ಸ್ಟೂಲ್ ಇತ್ತು. ಖಾಲಿ.”